ಫ್ರಿಜ್ ಮೇಲಿನ ಚೀಟಿ

ಪ್ರಶ್ನೆ: ಮೇಡಂ, ನಾವಿರುವುದು ತುಮಕೂರಿನಲ್ಲಿ. ನಮ್ಮ ಮನೆಯವರದು ಹಾರ್ಡ್‌ವೇರ್ ಅಂಗಡಿ. ಮಗಳಿಗೆ ಹದಿನೈದು, ಹತ್ತನೇ ಕ್ಲಾಸು. ಮಗ ಆರನೇ ಕ್ಲಾಸು. ಮನೆಯಲ್ಲಿ ಎಲ್ಲವೂ ಅವರು ಹೇಳಿದಂತೆಯೇ. ಕಳೆದ ತಿಂಗಳು ಮಗಳು ಐದು ಬೇಡಿಕೆ ಬರೆದು ಫ್ರಿಜ್ ಮೇಲೆ ಅಂಟಿಸಿದಳು. ರಾತ್ರಿ ಎಂಟಕ್ಕೇ ಫೋನ್ ಬೀರುವಿಗೆ ಸೇರಬಾರದು, ಭಾನುವಾರ ಏಳೂವರೆವರೆಗೆ ಮಲಗಲು ಬಿಡಬೇಕು, ಗೆಳತಿಯ ಮನೆಗೆ ಕಳಿಸಬೇಕು, ಟ್ಯೂಷನ್‌ಗೆ ಸ್ಕೂಟರ್ ಕೊಡಬೇಕು, ಊಟಕ್ಕೆ ಕೂತಾಗ ಅಪ್ಪನೂ ಫೋನ್ ನೋಡಬಾರದು. ‘ಇದು ಮನೆ, ವಿಧಾನಸಭೆ ಅಲ್ಲ’ ಎಂದು ಅವರು ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡರು. ಅವತ್ತಿನಿಂದ ಅಪ್ಪ–ಮಗಳಿಗೆ ಮಾತಿಲ್ಲ. ಅವಳ ಮುಖ ನೋಡಲಾರದೆ, ಅವರು ಅಂಗಡಿಯಿಂದ ಬರುವವರೆಗೆ ನಾನೇ ಬೀರು ತೆಗೆದು ಫೋನ್ ಕೊಡುತ್ತೇನೆ. ನಾನು ಯಾರ ಕಡೆ ನಿಲ್ಲಲಿ?
– ಹೆಸರು ಬೇಡ, ತುಮಕೂರು

ಉತ್ತರ: ಕೊನೆಯಲ್ಲಿ ಸರಸರ ಬರೆದು ಮುಗಿಸಿದಿರಲ್ಲ, ಆ ಬೀರುವಿನ ವಿಷಯದಿಂದಲೇ ಶುರು ಮಾಡೋಣ.

ಮಗಳು ತನಗೆ ಸರಿಕಾಣದ್ದನ್ನು ಬರೆದು, ಎಲ್ಲರ ಕಣ್ಣಿಗೂ ಬೀಳುವ ಕಡೆ ಅಂಟಿಸಿದಳು. ಆ ವಯಸ್ಸಿನಲ್ಲಿ ಅಷ್ಟು ನೇರವಾಗಿ ಕೇಳುವ ಮಕ್ಕಳು ಕಡಿಮೆ. ಹಾಗೆ ಕೇಳಿದ್ದಕ್ಕೆ ಅವಳಿಗೆ ಸಿಕ್ಕಿದ್ದು ಅಪ್ಪನ ಮೌನ. ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಕ್ಕೆ ಸಿಕ್ಕಿದ್ದು ಫೋನ್. ಯಾವ ದಾರಿಯಲ್ಲಿ ಲಾಭ ಎಂದು ಅವಳಿಗೆ ಬೇರೆ ಹೇಳಿಕೊಡಬೇಕೆ? ನೀವು ಮರುಕದಿಂದ ಮಾಡಿದಿರಿ, ಒಪ್ಪುತ್ತೇನೆ. ಆದರೆ ಗಂಡನ ಮಾತಿನ ಬೆಲೆಯೂ ಹೋಯಿತು, ಮಗಳ ಚೀಟಿಯ ಬೆಲೆಯೂ ಹೋಯಿತು. ಚಿಕ್ಕವನು ಬೇರೆ ಎಲ್ಲವನ್ನೂ ನೋಡುತ್ತಿರುತ್ತಾನೆ.

ಇವತ್ತಿಗೆ ಅದನ್ನು ನಿಲ್ಲಿಸಿ. ‘ಇನ್ನು ಕದ್ದು ಕೊಡುವುದಿಲ್ಲ, ನಿನ್ನ ಪರವಾಗಿ ಅಪ್ಪನ ಎದುರಿಗೇ ಮಾತಾಡುತ್ತೇನೆ’ ಎಂದು ಮಗಳಿಗೆ ಹೇಳಿ. ಗಂಡನಿಗೂ ನೀವೇ ಹೇಳಿಬಿಡಿ. ಬೈಸಿಕೊಳ್ಳಬೇಕಾಗುತ್ತದೆ, ಬೈಸಿಕೊಳ್ಳಿ. ಮಗನ ಬಾಯಿಂದ ಗೊತ್ತಾದರೆ ಇನ್ನೂ ಕಷ್ಟ.

ಇನ್ನು ವಿಧಾನಸಭೆ. ನಿಮ್ಮವರ ಮಾತಿನಲ್ಲಿ ಅರ್ಧ ನಿಜವಿದೆ, ಮನೆಯಲ್ಲಿ ಕೈ ಎತ್ತಿಸಿ ಎಣಿಸಿ ತೀರ್ಮಾನ ಮಾಡಲಾಗದು. ಆದರೆ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದಲ್ಲ, ಅಲ್ಲಿ ಮಕ್ಕಳು ಎದ್ದುನಿಂತು ‘ಶಾಲೆಯ ಶೌಚಾಲಯಕ್ಕೆ ನೀರಿಲ್ಲ’ ಎಂದು ಕೇಳುತ್ತಾರೆ, ಪಿಡಿಒ ಉತ್ತರ ಹೇಳುತ್ತಾರೆ. ಅಷ್ಟಕ್ಕೆ ಪಂಚಾಯಿತಿಯ ಬೀಗದ ಕೈ ಮಕ್ಕಳ ಕೈಗೆ ಹೋಗಿಲ್ಲ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ಮಗು ಕೇಳಿದ್ದನ್ನೆಲ್ಲ ಕೊಡಿ ಎನ್ನುವುದಿಲ್ಲ. ಅದಕ್ಕೆ ಸಂಬಂಧಿಸಿದ ವಿಷಯದಲ್ಲಿ ಅದರ ಮಾತು ಕೇಳಿ, ವಯಸ್ಸಿಗೆ ಮತ್ತು ತಿಳಿವಳಿಕೆಗೆ ತಕ್ಕ ತೂಕ ಕೊಡಿ ಎನ್ನುತ್ತದೆ. (ಇದನ್ನು ಗಂಡನಿಗೆ ಓದಿ ಹೇಳಲು ಹೋಗಬೇಡಿ. ಅಂಗಡಿ ಮುಚ್ಚಿ ಸುಸ್ತಾಗಿ ಬಂದವರಿಗೆ ವಿಶ್ವಸಂಸ್ಥೆ ರುಚಿಸುವುದಿಲ್ಲ.) ಅವರನ್ನು ಅಂಗಡಿಯ ಲೆಕ್ಕದಲ್ಲೇ ಕೇಳಿ: ಹೊಸ ಕಂಪನಿಯ ನಲ್ಲಿ ತರಿಸುವ ಮೊದಲು ಯಾವುದು ಹೋಗುತ್ತದೆ, ಯಾವುದು ಹೋಗಲ್ಲ ಎಂದು ಅಂಗಡಿ ಹುಡುಗನನ್ನು ವಿಚಾರಿಸುತ್ತೀರಲ್ಲ, ಅಷ್ಟಕ್ಕೇ ಅಂಗಡಿ ಅವನದಾಯಿತೇ?

ಮಗಳ ಐದೂ ಬೇಡಿಕೆ ಒಂದೇ ಥರದವಲ್ಲ. ಸ್ಕೂಟರ್ ಸಾಧ್ಯವೇ ಇಲ್ಲ. ಹದಿನಾರಕ್ಕೆ ಮೊದಲು ಯಾವ ಲೈಸೆನ್ಸೂ ಇಲ್ಲ. ಹದಿನಾರಾದ ಮೇಲೂ 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ ಮಾತ್ರ, ಮನೆಯಲ್ಲಿರುವ ಸ್ಕೂಟರ್‌ಗಳು ಸಾಮಾನ್ಯವಾಗಿ ಅದರ ಎರಡರಷ್ಟು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ, ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ತಂದೆತಾಯಿಗೆ ₹25,000 ದಂಡ, ಮೂರು ವರ್ಷದವರೆಗೆ ಜೈಲು. ಇದನ್ನು ಅವಳ ಮುಂದಿಟ್ಟೇ ಇಲ್ಲ ಎನ್ನಿ. ಬರೀ ‘ಆಗಲ್ಲ’ ಅಂದರೆ ಇದೂ ಅಪ್ಪನ ಹಟದ ಪಟ್ಟಿಗೆ ಸೇರಿಹೋಗುತ್ತದೆ.

ಫೋನ್ ಹಾಗಲ್ಲ. ಈಗ ಹೋಮ್‌ವರ್ಕು, ನೋಟ್ಸು ಎಲ್ಲ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೇ ಬೀಳುತ್ತವೆ, ಎಷ್ಟೋ ಸಲ ಎಂಟರ ಮೇಲೆಯೇ. ಅವಳ ಗ್ರೂಪು ತೆಗೆದು ಒಂದು ವಾರ ನೀವೇ ನೋಡಿ, ಎಷ್ಟು ಹೊತ್ತಿಗೆ ಬರುತ್ತದೆಂದು ಬರೆದಿಟ್ಟುಕೊಳ್ಳಿ. ಆಮೇಲೆ ಒಂಬತ್ತೋ ಒಂಬತ್ತೂವರೆಯೋ ಎಂದು ಗಂಡನೇ ತೀರ್ಮಾನಿಸಲಿ. ಭಾನುವಾರದ ನಿದ್ದೆಗೆ ನನ್ನ ಓಟಿದೆ. ಗೆಳತಿಯ ಮನೆಗೆ ಮೊದಲ ಸಲ ನೀವೇ ಜೊತೆಗೆ ಹೋಗಿ, ಆ ತಾಯಿಯ ಪರಿಚಯ ಮಾಡಿಕೊಂಡು ಬನ್ನಿ.

ಐದನೆಯದರಲ್ಲಿ ಮಗಳು ಹೇಳಿದ್ದೇ ಸರಿ. ಇಷ್ಟೆಲ್ಲ ಸಿಟ್ಟಿಗೆ ಮೂಲವೂ ಅದೇ ಎಂದು ನನ್ನ ಗುಮಾನಿ. ಸಪ್ಲೈಯರ್ ಫೋನು ಬಂದರೆ ಎದ್ದು ಹೋಗಿ ಮಾತಾಡಲಿ, ಆದರೆ ತಟ್ಟೆಯ ಪಕ್ಕದಲ್ಲಿ ರೀಲ್ಸ್ ಓಡಿಸಿಕೊಂಡು ಮಕ್ಕಳಿಗೆ ಎಂಟು ಗಂಟೆಯ ಗಡುವು ಹಾಕಿದರೆ ಯಾರು ಕೇಳುತ್ತಾರೆ?

ಮಾತು ಮಕ್ಕಳ ಎದುರು ಬೇಡ. ಅಂಗಡಿ ರಜೆಯ ದಿನ ಊಟವಾದ ಮೇಲೆ ಇಬ್ಬರೇ ಕೂತು ಮಾತಾಡಿ. ಮರುದಿನ ಮಗಳ ಮುಂದೆ ತೀರ್ಮಾನ ಹೇಳುವುದು ಅವರೇ ಆಗಲಿ, ನೀವು ಪಕ್ಕದಲ್ಲಿರಿ. ಒಂದು ವಿಷಯ ಗಮನಿಸಿದಿರಾ? ಅವರು ಚೀಟಿಯನ್ನು ಹರಿದು ಬಿಸಾಡಲಿಲ್ಲ, ಜೇಬಿಗೆ ಹಾಕಿಕೊಂಡರು. ಮಗಳ ಕೈಲಿ ಹೊಸದು ಬರೆಸಬೇಡಿ. ಆ ಚೀಟಿ ಎಲ್ಲಿಟ್ಟಿದ್ದೀರಿ ಎಂದು ಅವರನ್ನೇ ಕೇಳಿ.