ಅಪಾಯಿಂಟ್‌ಮೆಂಟ್ ಇದ್ದರೂ ಆಸ್ಪತ್ರೆಯವರು ನೋಡದೆ ವಾಪಸು ಕಳುಹಿಸಿದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಖಾಸಗಿ ಆಸ್ಪತ್ರೆಯೊಂದರಲ್ಲಿ ತಾಯಿಗೆ ಮೂರು ವಾರ ಮೊದಲೇ ಸಮಯ ಗೊತ್ತು ಮಾಡಿಕೊಂಡಿದ್ದಿರಿ. ಹೋದ ದಿನ ಹಣ ಕಟ್ಟಿಸಿಕೊಂಡು, ಎರಡು ಗಂಟೆ ಕೂರಿಸಿ, ನಿಮ್ಮ ಎದುರೇ ಪರಿಚಯದವರನ್ನು ಒಳಗೆ ಬಿಟ್ಟು, ಕೊನೆಗೆ "ಇವತ್ತು ಆಗುವುದಿಲ್ಲ, ಹೊಸದಾಗಿ ಬುಕ್ ಮಾಡಿ" ಎಂದರು. ಕೇಳಿದ್ದಕ್ಕೆ ಸೆಕ್ಯೂರಿಟಿಯವರನ್ನು ಕರೆಸಿದರು. ದೂರು ಕೊಡಲು ಎಲ್ಲಾದರೂ ಜಾಗವಿದೆಯೇ ಎಂಬುದು ನಿಮ್ಮ ಪ್ರಶ್ನೆ. ಇದೆ, ಒಂದಕ್ಕಿಂತ ಹೆಚ್ಚೇ ಇವೆ. ಆದರೆ ಮೊದಲು ಹೇಳಿ: ರಸೀದಿ ಇದೆಯೇ? ಮೊಬೈಲಿಗೆ ಬಂದ ಸಂದೇಶವನ್ನು ಅಳಿಸಿಲ್ಲ ತಾನೇ?

ನನಗೂ ಹೀಗೇ ಆಗಿತ್ತು, ಅದಕ್ಕೇ ಕೇಳುತ್ತಿದ್ದೇನೆ. ನಾನು ಅರಸೀಕೆರೆಯಲ್ಲಿ ಜೆರಾಕ್ಸ್ ಅಂಗಡಿ ನಡೆಸುತ್ತೇನೆ. ಪಹಣಿ, ಪಿಂಚಣಿ, ಜಾತಿ ಪ್ರಮಾಣಪತ್ರ ಎಂದು ಬರುವವರಿಗೆ ದಿನವಿಡೀ ಅರ್ಜಿ ಬರೆದುಕೊಡುವುದೇ ಕೆಲಸ. "ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು ಹಾಕಿಸಿಕೊಳ್ಳದೆ ಬರಬೇಡಿ" ಎಂದು ಹೇಳಿ ಹೇಳಿ ಬಾಯಿಪಾಠವಾಗಿದೆ. ಇಂಥ ನಾನೇ ಆಸ್ಪತ್ರೆಯಲ್ಲಿ ಮಾಡಿದ್ದು ಏನು ಗೊತ್ತೇ? ಬರೀ ಕೂಗಾಟ.

ಅಮ್ಮನಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಕಣ್ಣು ಮಂಜಾಗುತ್ತಿದೆ ಎಂದಾಗ ರೆಟಿನಾ ತಜ್ಞರಿಗೆ ತೋರಿಸಲು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬೆಳಿಗ್ಗೆ 10.30ಕ್ಕೆ ಸಮಯ ಸಿಕ್ಕಿತು. ಮುಂಜಾನೆಯ ರೈಲು ಹಿಡಿದು ಯಶವಂತಪುರದಲ್ಲಿ ಇಳಿದು, ಹತ್ತು ಗಂಟೆಗೆಲ್ಲ ಕೌಂಟರಿನ ಮುಂದೆ ನಿಂತಿದ್ದೆವು. 700 ರೂಪಾಯಿ ಕಟ್ಟಿದೆವು, ಟೋಕನ್ ಕೊಟ್ಟರು. ಹನ್ನೊಂದರ ಮೇಲೆ ನರ್ಸ್ ಬಂದು ಅಮ್ಮನ ಕಣ್ಣಿಗೆ ಡ್ರಾಪ್ಸ್ ಹಾಕಿದರು. ಒಳಗಿನ ಪರದೆ ಕಾಣಲು ಕಣ್ಣಪಾಪೆ ಹಿಗ್ಗಬೇಕಲ್ಲ, ಅದಕ್ಕೆ. ಅರ್ಧ ಗಂಟೆಯಲ್ಲಿ ಪಾಪೆ ಹಿಗ್ಗಿತು. ಡಾಕ್ಟರ ಕರೆ ಬರಲಿಲ್ಲ. ಇನ್ನೊಮ್ಮೆ ಡ್ರಾಪ್ಸ್ ಹಾಕಿದರು. ಅಷ್ಟರಲ್ಲಿ ಟೋಕನ್ನೇ ಇಲ್ಲದ ಒಂದು ಕುಟುಂಬ ಬಂತು. ಕೌಂಟರಿನವರು ಎದ್ದು ನಿಂತು ಅವರನ್ನು ಒಳಗೆ ಬಿಟ್ಟರು. ಅವರು ನಗುತ್ತಾ ಹೊರಬಂದು ಹೋದರು. ಒಂದೂಕಾಲಿಗೆ ನಮಗೆ ಸಿಕ್ಕ ಉತ್ತರ: "ಡಾಕ್ಟರು ಆಪರೇಷನ್‌ಗೆ ಹೋದರು, ಇವತ್ತು ಇಲ್ಲ. ಬೇರೆ ದಿನ ಬನ್ನಿ, ಹೊಸ ಬುಕಿಂಗ್, ಹೊಸ ಫೀಸು."

ಡ್ರಾಪ್ಸ್ ಹಾಕಿದ ಕಣ್ಣು ನಾಲ್ಕೈದು ಗಂಟೆ ಬೆಳಕು ತಡೆಯುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಅಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ನನ್ನ ಅಂಗಿಯ ತೋಳು ಹಿಡಿದು ಆಟೋ ಹತ್ತಿದರು. ಅದಕ್ಕೆ ಮೊದಲು ನಾನು ಕೌಂಟರಿನ ಹುಡುಗಿಯ ಮೇಲೆ ಹತ್ತು ನಿಮಿಷ ಹರಿಹಾಯ್ದಿದ್ದೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ. ಯಾರನ್ನು ಒಳಗೆ ಬಿಡಬೇಕು, ಡಾಕ್ಟರು ಯಾವಾಗ ಆಪರೇಷನ್‌ಗೆ ಹೋಗಬೇಕು, ಇದು ಯಾವುದೂ ಆಕೆಯ ಕೈಯಲ್ಲಿ ಇರಲಿಲ್ಲ. ಕೂಗಿದ್ದರಿಂದ ಆದದ್ದು ಇಷ್ಟು: ಸೆಕ್ಯೂರಿಟಿಯವನು ಬಂದ, ನಾನು "ಗಲಾಟೆ ಮಾಡಿದವನು" ಆದೆ, ಆಸ್ಪತ್ರೆ ಸಂಭಾವಿತವಾಯಿತು. ಬಡವನ ಕೋಪ ದವಡೆಗೆ ಮೂಲ ಎನ್ನುವುದು ಸುಮ್ಮನೆ ಅಲ್ಲ.

ಇಲ್ಲಿ ನನ್ನದೂ ಒಂದು ವಿಷಯ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಅಪ್ಪನಿಗೆ ಎದೆನೋವು ಎಂದಾಗ ಊರಿನ ಮುಖಂಡರೊಬ್ಬರಿಂದ ಫೋನ್ ಮಾಡಿಸಿ, ಇನ್ನೊಂದು ಆಸ್ಪತ್ರೆಯಲ್ಲಿ ಸಾಲು ತಪ್ಪಿಸಿ ಒಳಗೆ ಹೋಗಿದ್ದೆ. ತುರ್ತೇನೂ ಇರಲಿಲ್ಲ, ವಶೀಲಿ ಇತ್ತು ಅಷ್ಟೇ. ಹೊರಗೆ ಬೆಂಚಿನ ಮೇಲೆ ಕೂತವರ ಮುಖವನ್ನು ಆ ದಿನ ನೋಡಿರಲಿಲ್ಲ. ತುರ್ತು ರೋಗಿಯನ್ನು ಮೊದಲು ನೋಡುವುದು ನ್ಯಾಯವೇ, ಅದಕ್ಕೆ ಯಾರೂ ತಕರಾರು ಮಾಡಬಾರದು. ಆದರೆ ಕೂತವರಿಗೆ ಯಾವುದು ತುರ್ತು, ಯಾವುದು ವಶೀಲಿ ಎಂದು ಹೇಗೆ ಗೊತ್ತಾಗಬೇಕು? ಒಂದು ಮಾತು ಹೇಳಿದರೆ ಸಾಕು. ಹೇಳುವುದಿಲ್ಲ.

ದೂರಿಗೂ ಇದೇ ತೊಡಕು. ನಿಮಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಪರಿಚಯದವರನ್ನು ಒಳಗೆ ಬಿಟ್ಟದ್ದು. ಅದೇ ನಿಮ್ಮ ದೂರಿನ ಅತ್ಯಂತ ದುರ್ಬಲ ಭಾಗ. "ಅವರದು ತುರ್ತು ಇತ್ತು" ಎಂದು ಒಂದು ಸಾಲು ಬರೆದರೆ ಮುಗಿಯಿತು, ನೀವು ಸಾಧಿಸಲಾರಿರಿ. ಸಾಧಿಸಬಹುದಾದದ್ದು ಬೇರೆಯೇ ಇದೆ: ಸಮಯ ಕೊಟ್ಟರು, ಹಣ ಪಡೆದರು, ಸೇವೆ ಕೊಡಲಿಲ್ಲ, ಹಣ ವಾಪಸು ಮಾಡಲಿಲ್ಲ. ನಾಲ್ಕಕ್ಕೂ ಕಾಗದ ಇದೆ. ಇನ್ನು ಮುಂದೆ ಎಲ್ಲಾದರೂ ಕಾಯುವಾಗ, ಟೋಕನ್ ಸಂಖ್ಯೆ ತೋರಿಸುವ ಪರದೆಯ ಫೋಟೊ ಒಂದನ್ನು ತೆಗೆದಿಟ್ಟುಕೊಳ್ಳಿ. ನಿಮ್ಮದು 14 ಆಗಿದ್ದು 19 ಕರೆದಿದ್ದರೆ, ಅದು ನೀವು ಕೂಗಿ ಹೇಳುವುದಕ್ಕಿಂತ ಗಟ್ಟಿಯಾಗಿ ಹೇಳುತ್ತದೆ. ಬೇರೆ ರೋಗಿಗಳ ಮುಖ ಮಾತ್ರ ಅದರಲ್ಲಿ ಬೇಡ.

ಊರಿಗೆ ಬಂದ ಮೇಲೆ ನಾನು ಬರೆದ ಪತ್ರ ಹೆಚ್ಚು ಕಡಿಮೆ ಹೀಗಿತ್ತು. ವೈದ್ಯಕೀಯ ಅಧೀಕ್ಷಕರಿಗೆ ಬರೆದದ್ದು, ಕೌಂಟರಿನವರಿಗಲ್ಲ:

"ಇಂಥ ದಿನಾಂಕದಂದು ಬೆಳಿಗ್ಗೆ 10.30ಕ್ಕೆ ನನ್ನ ತಾಯಿಗೆ ನಿಮ್ಮ ರೆಟಿನಾ ವಿಭಾಗದಲ್ಲಿ ಸಮಯ ನಿಗದಿಯಾಗಿತ್ತು (ಸಂದೇಶದ ಪ್ರತಿ ಲಗತ್ತಿಸಿದೆ). 10.05ಕ್ಕೆ ರೂ. 700 ಪಾವತಿಸಿದ್ದೇವೆ (ರಸೀದಿ ಲಗತ್ತಿಸಿದೆ). 11.10ಕ್ಕೆ ಮತ್ತು 12.15ಕ್ಕೆ ಕಣ್ಣಿಗೆ ಔಷಧಿ ಹಾಕಲಾಯಿತು (ಹೊರರೋಗಿ ಚೀಟಿಯ ಪ್ರತಿ ಲಗತ್ತಿಸಿದೆ). 1.15ಕ್ಕೆ ವೈದ್ಯರು ಲಭ್ಯವಿಲ್ಲ ಎಂದು ತಿಳಿಸಿ ಪರೀಕ್ಷೆ ಮಾಡದೆ ಕಳುಹಿಸಲಾಯಿತು. ಮತ್ತೆ ಬರಲು ಮತ್ತೆ ಶುಲ್ಕ ಕಟ್ಟಬೇಕು ಎಂದು ಹೇಳಲಾಯಿತು. ಹತ್ತು ದಿನಗಳೊಳಗೆ ಶುಲ್ಕವಿಲ್ಲದೆ ಪರೀಕ್ಷೆಗೆ ಸಮಯ ಕೊಡಬೇಕು, ಅಥವಾ ರೂ. 700 ಹಿಂದಿರುಗಿಸಬೇಕು. 15 ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ ಹಾಸನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ."

ಇಷ್ಟೇ. "ಮಾನವೀಯತೆ ಇಲ್ಲವೇ", "ನಿಮಗೂ ತಾಯಿ ಇಲ್ಲವೇ" ಎಂಬ ಸಾಲುಗಳು ಮೊದಲ ಕರಡಿನಲ್ಲಿ ಇದ್ದವು. ಹೊಡೆದುಹಾಕಿದೆ. ಒಂದು ಪ್ರತಿಯನ್ನು ಇಮೇಲ್ ಮಾಡಿ, ಇನ್ನೊಂದನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿದೆ. ತಲುಪಿದ ದಿನಾಂಕ ಅಂಚೆಯವರ ದಾಖಲೆಯಲ್ಲಿ ಉಳಿಯುತ್ತದೆ. ನೀವು ಅದೇ ಊರಿನವರಾದರೆ ಖುದ್ದಾಗಿ ಹೋಗಿ ಎರಡನೇ ಪ್ರತಿಯ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಹಾಕುವುದಿಲ್ಲ ಎಂದರೆ ವಾದಿಸಬೇಡಿ, ನೇರವಾಗಿ ಅಂಚೆ ಕಚೇರಿಗೆ ನಡೆಯಿರಿ.

ಹೊರರೋಗಿ ಚೀಟಿ ನಿಮ್ಮ ಬಳಿ ಇಲ್ಲದಿದ್ದರೆ ಪ್ರತಿ ಕೇಳಿ. ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ ಪ್ರಕಾರ, ರೋಗಿ ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಕೊಡಬೇಕು. ನಮ್ಮ ಚೀಟಿಯಲ್ಲಿ ನರ್ಸ್ ಡ್ರಾಪ್ಸ್ ಹಾಕಿದ ಸಮಯವನ್ನು ಎರಡು ಸಲವೂ ಬರೆದಿದ್ದರು. ಪುಣ್ಯಾತ್ಗಿತ್ತಿ. ಇಡೀ ದೂರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾಗಲಿಲ್ಲ.

"ಹಾಸನ" ಎಂಬ ಶಬ್ದವನ್ನು ಬೇಕೆಂದೇ ಹಾಕಿದ್ದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು, ಆಸ್ಪತ್ರೆ ಇರುವ ಊರಿಗೆ ಅಲೆಯಬೇಕಿಲ್ಲ. ಪಾವತಿಸಿದ ಮೊತ್ತ ಐದು ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. ಘಟನೆಯಾದ ಎರಡು ವರ್ಷಗಳೊಳಗೆ ಹೋಗಬೇಕು. 700 ರೂಪಾಯಿಗಾಗಿ ತಮ್ಮ ವಕೀಲರನ್ನು ಬೆಂಗಳೂರಿನಿಂದ ಹಾಸನಕ್ಕೆ ಕಳುಹಿಸುವ ಲೆಕ್ಕ ಯಾವ ಆಸ್ಪತ್ರೆಗೂ ಹಿಡಿಸದು. ಎಂಟನೇ ದಿನ ಅವರಿಂದ ಫೋನ್ ಬಂತು, ಬಹಳ ಸವಿಯಾದ ದನಿ. ಹಣ ಖಾತೆಗೆ ಬಂತು, ಶುಲ್ಕವಿಲ್ಲದ ಹೊಸ ದಿನಾಂಕವೂ ಬಂತು. ಎರಡರಲ್ಲಿ ಒಂದು ಕೇಳಿದ್ದೆ, ಎರಡನ್ನೂ ಕೊಟ್ಟರು. ಆಯೋಗದ ತನಕ ಹೋಗುವ ಪ್ರಸಂಗ ಬರಲಿಲ್ಲ.

ಪತ್ರಕ್ಕೆ ಜಗ್ಗದಿದ್ದರೆ ಮುಂದಿನ ಮೆಟ್ಟಿಲು ಇದೆ. ರಾಜ್ಯದ ಖಾಸಗಿ ಆಸ್ಪತ್ರೆಗಳೆಲ್ಲ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಚುಟುಕಾಗಿ ಕೆಪಿಎಂಇ) ನೋಂದಣಿ ಮಾಡಿಸಬೇಕು. 2017ರ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಗಳ ಸನ್ನದನ್ನು ಅದಕ್ಕೆ ಸೇರಿಸಿದ್ದಾರೆ. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ. ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಕೊಡಬಹುದು. ಆಸ್ಪತ್ರೆಯ ನೋಂದಣಿ ಸಂಖ್ಯೆಯನ್ನು ಅರ್ಜಿಯಲ್ಲಿ ಹಾಕಿದರೆ ಕಡತ ಹುಡುಕುವುದು ಅವರಿಗೆ ಸುಲಭ. ಕೊಟ್ಟ ಅರ್ಜಿ ಅಲ್ಲೇ ಮಲಗಿದರೆ ನಮ್ಮ ಅಂಗಡಿಯ ಹಳೆಯ ಮದ್ದು ಒಂದಿದೆ: ಹತ್ತು ರೂಪಾಯಿ ಶುಲ್ಕ ಕಟ್ಟಿ ಅದೇ ಕಚೇರಿಗೆ ಮಾಹಿತಿ ಹಕ್ಕಿನಡಿ "ನನ್ನ ಇಂಥ ದಿನಾಂಕದ ದೂರಿನ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ ಕೊಡಿ" ಎಂದು ಕೇಳುವುದು. ಖಾಸಗಿ ಆಸ್ಪತ್ರೆಗೆ ಮಾಹಿತಿ ಹಕ್ಕು ನೇರವಾಗಿ ತಟ್ಟುವುದಿಲ್ಲ, ಆದರೆ ಅದರ ಮೇಲಿನ ದೂರು ಸರ್ಕಾರಿ ಕಚೇರಿಯಲ್ಲಿ ಇದೆಯಲ್ಲ! 30 ದಿನಗಳಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯವಿರಬೇಕು. ಕಥೆ ಬರೆಯಬೇಡಿ.

ಸರ್ಕಾರಿ ಆಸ್ಪತ್ರೆಯಾಗಿದ್ದರೆ ದಾರಿ ಸ್ವಲ್ಪ ಬೇರೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಕಡೆ ಗ್ರಾಹಕ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅಲ್ಲಿ ದೂರು ಕೊಡಬೇಕಾದದ್ದು ಆಸ್ಪತ್ರೆಯ ಅಧೀಕ್ಷಕರಿಗೆ, 104 ಆರೋಗ್ಯ ಸಹಾಯವಾಣಿಗೆ, ಇಲ್ಲವೇ ರಾಜ್ಯ ಸರ್ಕಾರದ ದೂರು ಸಹಾಯವಾಣಿಯಾದ 1902 ಜನಸ್ಪಂದನಕ್ಕೆ. ಫೋನಿನಲ್ಲಿ ದೂರು ಕೊಟ್ಟರೆ ದೂರಿನ ಸಂಖ್ಯೆ ಬರೆದುಕೊಳ್ಳದೆ ಇಡಬೇಡಿ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಾನು ಮಾಡಿದ ದೊಡ್ಡ ತಪ್ಪು ಕೂಗಾಡಿದ್ದಲ್ಲ. ಅದೇ ಆಸ್ಪತ್ರೆಯವರೇ ತಲೆಬಾಗಿ ನೋಡಬೇಕು ಎಂಬ ಹಟದಲ್ಲಿ, ಅವರು ಕೊಟ್ಟ ಹೊಸ ದಿನಾಂಕದ ತನಕ ಐದು ವಾರ ಅಮ್ಮನನ್ನು ಬೇರೆ ಎಲ್ಲೂ ತೋರಿಸಲಿಲ್ಲ. ಹಾಸನದಲ್ಲೇ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇತ್ತು, ಬೆಂಗಳೂರಿನಲ್ಲೇ ಆಗಬೇಕೆಂದಿದ್ದರೆ ಮಿಂಟೋ ಕಣ್ಣಿನ ಆಸ್ಪತ್ರೆ ಇತ್ತು. ಕೊನೆಗೆ ನೋಡಿದ ಡಾಕ್ಟರು, ನಿಜಕ್ಕೂ ಒಳ್ಳೆಯ ಮನುಷ್ಯ, ಎಡಗಣ್ಣಿಗೆ ಲೇಸರ್ ಬೇಕು ಎಂದು ಹೇಳಿ, "ಸ್ವಲ್ಪ ಮುಂಚೆ ಬರಬೇಕಿತ್ತು" ಎಂದರು. ಅಮ್ಮ ನನ್ನ ಕಡೆ ನೋಡಲಿಲ್ಲ. ನಾನು ರಸೀದಿಗಳ ಪ್ಲಾಸ್ಟಿಕ್ ಕವರು ಹಿಡಿದು ಸುಮ್ಮನೆ ಕೂತಿದ್ದೆ.

ಆದ್ದರಿಂದ ನಾಳೆ ಬೆಳಿಗ್ಗೆ ಮೊದಲು ತಾಯಿಯನ್ನು ಬೇರೆ ಕಡೆ ತೋರಿಸಿ. ಪತ್ರವನ್ನು ಸಂಜೆ ಬರೆಯಬಹುದು. ಕರಡನ್ನು ಇಲ್ಲಿ ಹಾಕಿದರೆ ನೋಡಿ ತಿದ್ದಿಕೊಡುತ್ತೇನೆ. ಆಸ್ಪತ್ರೆಯ ಹೆಸರು, ತಾಯಿಯ ಹೆಸರು, ಫೋನ್ ನಂಬರು ಮಾತ್ರ ಅದರಲ್ಲಿ ಇರದಂತೆ ನೋಡಿಕೊಳ್ಳಿ.