ಅಂಗಡಿ ಬಾಗಿಲು ಹಾಕಿಸಲು ನಾಲ್ಕೂವರೆ ಲಕ್ಷ

(ಹೆಸರು, ಊರು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಜೂನ್ ತಿಂಗಳ ಒಂದು ಗುರುವಾರ ಸಂಜೆ ಗಂಡ ಹೆಂಡತಿ ಇಬ್ಬರೂ ನನ್ನ ಹತ್ತಿರ ಸಲಹೆ ಕೇಳಲು ಬಂದರು. ಮಂಜಣ್ಣನವರಿಗೆ 47 ವರ್ಷ. ಮಧ್ಯ ಕರ್ನಾಟಕದ ಒಂದು ಊರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಹೆಂಡತಿ ಶೋಭಾ ಹೈಸ್ಕೂಲ್ ಟೀಚರ್. ಮಕ್ಕಳಿಬ್ಬರು ಒಂಬತ್ತನೇ ಮತ್ತು ಆರನೇ ಕ್ಲಾಸು. ನಾಲ್ಕು ದಿನದಿಂದ ಮಾತಿಲ್ಲ ಅನ್ನುವುದು ಇಬ್ಬರೂ ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಶೋಭಾ ಬ್ಯಾಗಿನಿಂದ ಮಿರಿಮಿರಿ ಮಿಂಚುವ ಫೈಲೊಂದನ್ನು ತೆಗೆದು ನನ್ನ ಮುಂದೆ ಇಟ್ಟರು. "ಇದಕ್ಕೊಂದು ದಾರಿ ಹೇಳ್ರಿ ಮೇಡಂ."

ಅದು ಹಾಲಿಡೇ ಮೆಂಬರ್‌ಶಿಪ್. ಅಂದರೆ ಮೊದಲೇ ದುಡ್ಡು ಕೊಟ್ಟು, ಕಂಪನಿಯ ರೆಸಾರ್ಟಿನಲ್ಲಿ ವರ್ಷ ವರ್ಷ ಉಳಿಯುವ ಹಕ್ಕು ಕೊಳ್ಳುವುದು. 25 ವರ್ಷ, ವರ್ಷಕ್ಕೆ 7 ರಾತ್ರಿ, ಬೆಲೆ ತೆರಿಗೆ ಸೇರಿ ನಾಲ್ಕೂವರೆ ಲಕ್ಷ. ಮುಂಗಡ 45 ಸಾವಿರ ಕಾರ್ಡ್ ಉಜ್ಜಿ ಕಟ್ಟಾಗಿತ್ತು. ಉಳಿದದ್ದು ಕಂತು.

ಶುರುವಾದದ್ದು ಎಲ್ಲರ ಮನೆಯಲ್ಲೂ ಶುರುವಾಗುವ ಹಾಗೆಯೇ. ಸೂಪರ್ ಮಾರ್ಕೆಟ್‌ನಲ್ಲಿ ಲಕ್ಕಿ ಡ್ರಾ ಕೂಪನ್ ತುಂಬಿದ್ದರು. ಆಮೇಲೆ ಫೋನ್ ಬಂತು. ಬಹುಮಾನ ಬಂದಿದೆ, ಹೋಟೆಲಿಗೆ ಊಟಕ್ಕೆ ಬನ್ನಿ, ಗಂಡ ಹೆಂಡತಿ ಇಬ್ಬರೂ ಬರಲೇಬೇಕು. ಇಬ್ಬರೂ ಯಾಕೆ? ಒಬ್ಬರೇ ಹೋದರೆ "ಮನೇಲಿ ಕೇಳಿ ಹೇಳ್ತೀನಿ" ಅಂತ ಎದ್ದು ಬರಬಹುದಲ್ಲ, ಅದಕ್ಕೆ. ನಾನೂ ಹಿಂದೊಮ್ಮೆ ಇಂಥ ಊಟಕ್ಕೆ ಹೋಗಿದ್ದೆ. ಸಹಿ ಹಾಕಲಿಲ್ಲ, ನಿಜ. ಆದರೆ ಎದ್ದು ಬರಲು ಎರಡೂವರೆ ಗಂಟೆ ಹಿಡಿಯಿತು. ಹಾಗಾಗಿ ಅಲ್ಲಿ ಸಹಿ ಹಾಕಿದವರನ್ನು ದಡ್ಡರು ಅಂತ ನಾನು ಯಾವತ್ತೂ ಅನ್ನುವುದಿಲ್ಲ.

ಮಂಜಣ್ಣ ಅಂಗಡಿಯಲ್ಲಿ ಕಾಲು ಕೆಜಿ ಮೊಳೆಗೂ ಲೆಕ್ಕ ಹಾಕುವವರು. ಅವರೇ ಹೇಗೆ ಒಪ್ಪಿದರು? "ಫೋಟೋ ನೋಡಿ ಇವಳು 'ಎಷ್ಟ್ ಚೆನ್ನಾಗಿದೆ ಅಲ್ವಾ' ಅಂದ್ಳು ಮೇಡಂ. ಮದುವೆಯಾಗಿ 17 ವರ್ಷ ಆಯ್ತು, ಎಲ್ಲಿಗೂ ಕರ್ಕೊಂಡು ಹೋಗಿಲ್ಲ. ಅಷ್ಟು ಜನರ ಎದುರಿಗೆ ಬೇಡ ಅನ್ನಕ್ಕೆ ನನಗೆ ಬಾಯಿ ಬರಲಿಲ್ಲ."

ಶೋಭಾ ತಟ್ಟನೆ ತಿರುಗಿದರು. "ನಂಗೆ ಆ ರೆಸಾರ್ಟ್ ಬೇಕಿರಲಿಲ್ಲ ಕಣ್ರಿ. ದುಡ್ಡು ಕಟ್ಟಿದ್ಮೇಲಾದ್ರೂ ಈ ಮನುಷ್ಯ ವರ್ಷಕ್ಕೊಂದು ಸಲ ಅಂಗಡಿ ಬಾಗಿಲು ಹಾಕ್ತಾರೆ ಅಂತ ಸುಮ್ನೆ ಕೂತಿದ್ದೆ."

ಆ ಮಾತು ಅಲ್ಲೇ ಸ್ವಲ್ಪ ಹೊತ್ತು ಇರಲಿ ಅಂತ ನಾನೂ ಬಾಯಿ ತೆರೆಯಲಿಲ್ಲ. ಮಂಜಣ್ಣ ಫೈಲಿನ ಮೂಲೆಯನ್ನು ಉಗುರಿನಲ್ಲಿ ಕೆರೆಯುತ್ತಾ ಕೂತಿದ್ದರು.

ಇಂಥ ಕೇಸಿನಲ್ಲಿ ದುಡ್ಡಿನ ಮಾತನ್ನು ಬದಿಗಿಟ್ಟು ಬರೀ ಮನಸ್ಸಿನ ಮಾತು ಆಡುವುದು ನನಗೆ ಸರಿ ಕಾಣುವುದಿಲ್ಲ. ಒಂದು ಹಾಳೆ ಕೊಟ್ಟು, ಹೋಟೆಲಿನಲ್ಲಿ ತೋರಿಸಿದ ಲೆಕ್ಕ ಬರೆಯಿರಿ ಅಂದೆ. ಬರೆದರು. ನಾಲ್ಕೂವರೆ ಲಕ್ಷವನ್ನು 175 ರಾತ್ರಿಗೆ ಭಾಗಿಸಿದರೆ ರಾತ್ರಿಗೆ 2,571 ರೂಪಾಯಿ. 25 ವರ್ಷ ಇದೇ ರೇಟು, ಎಷ್ಟು ಅಗ್ಗ ನೋಡಿ!

"ಈಗ ಅಂಗಡಿಯವರ ಲೆಕ್ಕ ಹಾಕಿ," ಅಂದೆ. ಅದೇ ದುಡ್ಡನ್ನು ಬ್ಯಾಂಕಿನಲ್ಲಿಟ್ಟು ಶೇ 7 ಬಡ್ಡಿ ಸಿಕ್ಕರೆ ವರ್ಷಕ್ಕೆ 31,500. ಫೈಲಿನ ಒಳಗೆ ಸಣ್ಣ ಅಕ್ಷರದಲ್ಲಿ ವಾರ್ಷಿಕ ನಿರ್ವಹಣಾ ಶುಲ್ಕ 18,000 ಅಂತಿತ್ತು. ಹೋಗಲಿ ಬಿಡಲಿ, ಅದನ್ನು ಕಟ್ಟಲೇಬೇಕು. ಎರಡೂ ಸೇರಿ 49,500. ಏಳು ರಾತ್ರಿಗೆ ಭಾಗಿಸಿದರೆ ರಾತ್ರಿಗೆ ಏಳು ಸಾವಿರದ ಮೇಲಾಯಿತು. ಊಟ, ಓಡಾಟ ಬೇರೆ. ಬ್ಯಾಂಕಿನಲ್ಲಾದರೆ ಅಸಲು ಹಾಗೇ ಇರುತ್ತದೆ, ಇಲ್ಲಿ 25 ವರ್ಷಕ್ಕೆ ಅದೂ ಕರಗಿರುತ್ತದೆ. ಶುಲ್ಕ ವರ್ಷಕ್ಕೆ ಶೇ 6ರಷ್ಟು ಏರಿದರೂ 12 ವರ್ಷಕ್ಕೆ ದುಪ್ಪಟ್ಟು. ಕಂತಿನ ಬಡ್ಡಿಯನ್ನು ನಾವಿನ್ನೂ ಸೇರಿಸಿಯೇ ಇರಲಿಲ್ಲ. ಮಂಜಣ್ಣ ಕನ್ನಡಕ ತೆಗೆದು ಒರೆಸಿಕೊಂಡರು.

ಇನ್ನೊಂದು ಸಿಕ್ಕು ಸೀಸನ್ನಿನದು. ಇವರಿಗೆ ಮಾರಿದ್ದು ಕಡಿಮೆ ಬೆಲೆಯ ಸೀಸನ್. ದಸರಾ, ಬೇಸಿಗೆ ರಜೆ, ಕ್ರಿಸ್‌ಮಸ್ ಅದರಲ್ಲಿ ಬರುವುದಿಲ್ಲ. ಮಕ್ಕಳಿಗೆ ರಜೆ ಇರುವುದೇ ಆಗ! ಮಂಜಣ್ಣನಿಗೆ ಬಿಡುವು ಸಿಗುವುದೋ ಆಷಾಢದಲ್ಲಿ. ಗೃಹಪ್ರವೇಶ ಇರುವುದಿಲ್ಲ, ಹೊಸ ಕೆಲಸ ಯಾರೂ ಶುರು ಮಾಡುವುದಿಲ್ಲ, ವ್ಯಾಪಾರ ಮಂಕು. ಆಗ ಮಕ್ಕಳಿಗೆ ಸ್ಕೂಲು, ಶೋಭಾಗೂ ಸ್ಕೂಲು.

ಎಲ್ಲರಿಗೂ ಇದು ನಷ್ಟ ಅಂತ ನಾನು ಹೇಳುವುದಿಲ್ಲ. ವರ್ಷ ವರ್ಷ ತಪ್ಪದೆ ಹೋಗುವವರು, ಮೂರ್ನಾಲ್ಕು ತಿಂಗಳು ಮುಂಚೆಯೇ ತಾರೀಖು ಗೊತ್ತು ಮಾಡಿ ಬುಕ್ ಮಾಡುವವರು, ಸಾಲ ಮಾಡದೆ ಕೈಯಿಂದ ಕಟ್ಟುವವರು, ಇವರಿಗೆ ಸರಿಹೋಗಬಹುದು. ಅಂಥ ಒಂದು ಕುಟುಂಬ ನನಗೆ ಗೊತ್ತು. ಅವರು ಮೆಂಬರ್ ಆಗುವ ಮುಂಚೆಯೂ ವರ್ಷಕ್ಕೆ ಎರಡು ಸಲ ಹೋಗುತ್ತಿದ್ದರು. ಒಮ್ಮೆಯೂ ಹೋಗದವರನ್ನು ಮೆಂಬರ್ ಕಾರ್ಡು ಹೊರಡಿಸುತ್ತದೆ ಅನ್ನುವುದನ್ನು ಮಾತ್ರ ನಾನು ನಂಬುವುದಿಲ್ಲ. ಇದನ್ನು ಇಬ್ಬರಿಗೂ ನೇರವಾಗಿಯೇ ಹೇಳಿದೆ. ಶೋಭಾ ಕೇಳುತ್ತಿರುವುದು ಗಂಡ ಕೊಡಬೇಕಾದ ಮಾತು. ಅದನ್ನು ಕಂಪನಿಯ ಕೈಯಲ್ಲಿ ಕೊಡಿಸಲು ಹೊರಟಿದ್ದಾರೆ.

ರದ್ದು ಮಾಡುವುದು ಅಂತ ಆಯಿತು. ಮೂರನೇ ಪುಟದಲ್ಲಿ 10 ದಿನದೊಳಗೆ ಬರಹದಲ್ಲಿ ತಿಳಿಸಬೇಕು ಅಂತಿತ್ತು, ಆರು ದಿನ ಉಳಿದಿತ್ತು. ಯುರೋಪ್ ಒಕ್ಕೂಟದಲ್ಲಿ ಇಂಥ ಒಪ್ಪಂದದಿಂದ 14 ದಿನದೊಳಗೆ ಹಿಂದೆ ಸರಿಯುವ ಹಕ್ಕನ್ನು ಕಾನೂನೇ ಕೊಟ್ಟಿದೆ. ನಮ್ಮಲ್ಲಿ ಸಹಿ ಹಾಕಿದ ಕಾಗದದಲ್ಲಿ ಏನಿದೆ ಅನ್ನುವುದನ್ನೇ ಮೊದಲು ನೋಡಬೇಕು. ಫೋನ್ ಮಾಡಬೇಡಿ, ಫೋನಿನಲ್ಲಿ ಮತ್ತೆ ಒಪ್ಪಿಸುತ್ತಾರೆ ಅಂದೆ. ಇವತ್ತೇ ಇಮೇಲ್ ಕಳಿಸಿ, ನಾಳೆ ಬೆಳಿಗ್ಗೆ ಸ್ಪೀಡ್ ಪೋಸ್ಟ್, ರಸೀದಿ ಜೋಪಾನ. ಕಾರಣ ಉದ್ದ ಬರೆಯಬೇಡಿ. ರದ್ದು, ಹಣ ವಾಪಸ್, ಅಷ್ಟೇ. ದುಡ್ಡು ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದಕ್ಕೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಎರಡು ವರ್ಷದೊಳಗೆ ಹೋಗಬೇಕು, 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ.

ಎರಡನೇ ಸಲಹೆ ಮಂಜಣ್ಣನಿಗೆ. ಈ ಆಷಾಢದಲ್ಲಿ ಮೂರು ದಿನ ಅಂಗಡಿ ಬಾಗಿಲು ಹಾಕಿ. ತಾರೀಖು ಇಲ್ಲೇ, ಈಗಲೇ ಹೇಳಿ. ಅವರು ಫೋನ್ ತೆಗೆದು ಕ್ಯಾಲೆಂಡರ್ ನೋಡಿದರು, ಹುಡುಗನೊಬ್ಬ ರಜೆ ಕೇಳಿದ್ದಾನೆ, ಗೋದಾಮಿಗೆ ಮಾಲು ಬರುತ್ತೆ ಅಂದರು. ಶೋಭಾ ಕಿಟಕಿ ಕಡೆ ನೋಡುತ್ತಿದ್ದರು. ಹತ್ತು ನಿಮಿಷ ಆದ ಮೇಲೆ ಒಂದು ಶುಕ್ರವಾರ ಹೊರಬಂತು.

ಆಗಸ್ಟ್‌ನಲ್ಲಿ ಮಂಜಣ್ಣನೇ ಫೋನ್ ಮಾಡಿದರು. ಒಂದಿಷ್ಟು ಹಿಡಿದುಕೊಂಡು ಉಳಿದ ಮುಂಗಡ ವಾಪಸ್ ಬಂದಿತ್ತು. ಮಕ್ಕಳಿಗೆ ಎರಡು ದಿನ ಸ್ಕೂಲು ತಪ್ಪಿಸಿ ಜೋಗಕ್ಕೆ ಹೋಗಿದ್ದರಂತೆ. ತಾಳಗುಪ್ಪದ ಕಡೆ ಒಂದು ಹೋಮ್‌ಸ್ಟೇ, ಊಟ, ಕಾರು ಎಲ್ಲ ಸೇರಿ 14 ಸಾವಿರ ಖರ್ಚು.

"ಜೋಗ ಹೇಗಿತ್ತು?" ಅಂದೆ.

"ಏನೂ ಕಾಣ್ಲಿಲ್ಲ ಮೇಡಂ, ಬರೀ ಮಂಜು. ಶಬ್ದ ಕೇಳ್ತಿತ್ತು ಅಷ್ಟೆ. ಒಂದೂವರೆ ದಿನ ಮಂಜು ನೋಡ್ಕೊಂಡೇ ಕೂತಿದ್ವಿ. ಮುಂದಿನ ವರ್ಷ ನಾಲ್ಕು ದಿನ ಅಂತ ಇವಳು ಆಗಲೇ ಬರ್ಕೊಂಡಿದ್ದಾಳೆ."