ಪುಣೆಯ ಫ್ಲ್ಯಾಟಿಗೆ ನೋಟರಿ ಅಗ್ರಿಮೆಂಟ್ ಸಾಕಾ?

ಬಾಡಿಗೆಗೆ ಬರುವವರು ನಮ್ಮ ಊರ ಕಡೆಯವರೇ, 11 ತಿಂಗಳಿಗೆ ನೋಟರಿ ಮಾಡಿಸಿದರೆ ಸಾಕಲ್ವಾ ಅಂತ ಕೇಳಿದ್ದೀರಿ. ಸಾಲದು. ನಾನೂ ಸಾಕು ಅಂತಲೇ ಅಂದುಕೊಂಡಿದ್ದೆ.

ಪುಣೆಯ ಕೋಥ್ರೂಡ್‌ನ ನನ್ನ ಫ್ಲ್ಯಾಟಿಗೆ ಧಾರವಾಡ ಕಡೆಯ ಸಂಸಾರ ಬಂತು. ಬಂದ ವಾರವೇ ಅವರ ಮನೆಯಿಂದ ಶೇಂಗಾ ಹೋಳಿಗೆ. ಅಂಥವರ ಮುಂದೆ ರಿಜಿಸ್ಟ್ರೇಷನ್ ಮಾತೆತ್ತಲು ಸಂಕೋಚ. ಬೆಂಗಳೂರಿನಲ್ಲಿ ಮಾಡುತ್ತಿದ್ದಂತೆ ಸ್ಟ್ಯಾಂಪ್ ಪೇಪರ್ ಮೇಲೆ ಸಹಿ ಹಾಕಿಸಿ, ನೋಟರಿ ಮಾಡಿಸಿ ಸುಮ್ಮನಾದೆ.

ಎಡವಿದ್ದು ಇಲ್ಲೇ. ವರ್ಷಕ್ಕಿಂತ ಕಡಿಮೆ ಅವಧಿಯಾದರೆ ರಿಜಿಸ್ಟ್ರೇಷನ್ ಬೇಡ ಅನ್ನುವುದು ಕೇಂದ್ರದ ನೋಂದಣಿ ಕಾಯ್ದೆಯ ಲೆಕ್ಕ. ಮಹಾರಾಷ್ಟ್ರಕ್ಕೆ ತನ್ನದೇ 1999ರ ಬಾಡಿಗೆ ನಿಯಂತ್ರಣ ಕಾಯ್ದೆ ಇದೆ. ಅದರ 55ನೇ ಸೆಕ್ಷನ್ ಪ್ರಕಾರ ಅವಧಿ ಎಷ್ಟೇ ಇರಲಿ, ಕರಾರು ಬರವಣಿಗೆಯಲ್ಲಿದ್ದು ರಿಜಿಸ್ಟರ್ ಆಗಬೇಕು. ಹೊಣೆ ಮಾಲೀಕನದ್ದು. ತಪ್ಪಿದರೆ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡ ಹಾಗಿರಲಿ, ಅದೇ ಸೆಕ್ಷನ್ನಿನ ಇನ್ನೊಂದು ಮಾತು ನನ್ನ ಕುತ್ತಿಗೆಗೆ ಬಂತು: ರಿಜಿಸ್ಟರ್ ಆದ ಕರಾರು ಇಲ್ಲದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಡೆಯುತ್ತದೆ. ಸುಳ್ಳು ಅಂತ ತೋರಿಸುವ ಪಾಡು ಮಾಲೀಕನದ್ದು.

ಮಗನಿಗೆ ಮನೆ ಬೇಕಾಯಿತು, ಬಿಟ್ಟುಕೊಡಿ ಅಂದೆ. "ಮೂರು ವರ್ಷ ಅಂತ ಮಾತಾಗಿತ್ತಲ್ರೀ ಸರ" ಅಂದರು! ಸೊಸೈಟಿ ಮೆಂಟೆನೆನ್ಸೂ ಬಾಡಿಗೆಯಲ್ಲೇ ಸೇರಿತ್ತಂತೆ. ವಕೀಲರು ನನ್ನ ನೋಟರಿ ಕಾಗದವನ್ನು ತಿರುಗಿಸಿ ಹಿಂಬದಿ ನೋಡಿ, ಮಡಚಿ ವಾಪಸ್ ಕೊಟ್ಟರು. ಕೊನೆಗೆ ಬಾಕಿ ಬಾಡಿಗೆ ಬಿಟ್ಟು, ಡೆಪಾಸಿಟ್ ಪೂರ್ತಿ ಕೊಟ್ಟು, ಟೆಂಪೋ ಖರ್ಚನ್ನೂ ನಾನೇ ಹಾಕಿ ಕಳಿಸಿದೆ.

ಲೀವ್ ಅಂಡ್ ಲೈಸೆನ್ಸ್ (ಇಂತಿಷ್ಟು ಅವಧಿಗೆ ಇರಲು ಅನುಮತಿ ಕೊಡುವ ಕರಾರು) ರಿಜಿಸ್ಟರ್ ಆಗಿದ್ದರೆ ಅದೇ ಕಾಯ್ದೆಯ 24ನೇ ಸೆಕ್ಷನ್ ನನ್ನ ಕಡೆ ಇರುತ್ತಿತ್ತು. ಅವಧಿ ಮುಗಿದರೂ ಬಿಡದವರ ಮೇಲೆ ಕಾಂಪಿಟೆಂಟ್ ಅಥಾರಿಟಿಗೆ (ಇಂಥ ಅರ್ಜಿ ನೋಡಲು ಸರ್ಕಾರ ನೇಮಿಸಿದ ಅಧಿಕಾರಿ) ಅರ್ಜಿ ಹಾಕಬಹುದು, ಅವಧಿ ಮುಗಿದ ಮೇಲಿನ ದಿನಗಳಿಗೆ ದುಪ್ಪಟ್ಟು ಹಣ ಕೇಳಬಹುದು.

ಖರ್ಚು ಜಾಸ್ತಿ ಅಂತೀರಾ? 20,000 ಬಾಡಿಗೆ, 60,000 ಡೆಪಾಸಿಟ್ ಇಟ್ಟುಕೊಳ್ಳಿ. ಸ್ಟ್ಯಾಂಪ್ ಡ್ಯೂಟಿ ಒಟ್ಟು ಬಾಡಿಗೆಯ ಮೇಲೆ ಶೇ. 0.25, ಡೆಪಾಸಿಟ್ಟಿಗೆ ವರ್ಷಕ್ಕೆ ಶೇ. 10 ಬಡ್ಡಿ ಬರುತ್ತದೆ ಅಂತ ಲೆಕ್ಕ ಹಿಡಿದು ಅದನ್ನೂ ಬಾಡಿಗೆಗೆ ಸೇರಿಸಿದರೆ 11 ತಿಂಗಳಿಗೆ 565 ರೂಪಾಯಿ ಆಸುಪಾಸು. ರಿಜಿಸ್ಟ್ರೇಷನ್ ಶುಲ್ಕ 1,000. ಏಜೆಂಟ್ ಲ್ಯಾಪ್‌ಟಾಪ್, ಹೆಬ್ಬೆಟ್ಟಿನ ಯಂತ್ರ ಹಿಡಿದು ಮನೆಗೇ ಬರುತ್ತಾನೆ, ಅವನ ಕೂಲಿ ಬೇರೆ. ವಯಸ್ಸಾದವರ ಹೆಬ್ಬೆಟ್ಟನ್ನು ಅದು ಬೇಗ ಹಿಡಿಯುವುದಿಲ್ಲ, ಬೆರಳು ಒರೆಸಿ ಒರೆಸಿ ಇಡಬೇಕು. ಅಷ್ಟೇ ತೊಂದರೆ.

ಪರಿಚಯದವರಾದರೆ ಇದು ಇನ್ನೂ ಬೇಕು ಅನ್ನುತ್ತೇನೆ. ಊರವರ ಜೊತೆ ಜಗಳ ಆಡಿದರೆ ಮದುವೆ-ಮುಂಜಿಯಲ್ಲಿ ಮತ್ತೆ ಎದುರು ಕೂರಬೇಕು. ರಿಜಿಸ್ಟ್ರೇಷನ್ ಅಂದ ಕೂಡಲೇ ಅವರು ಮುಖ ಸಿಂಡರಿಸಿದರೆ ಕೀಲಿ ಕೊಡಬೇಡಿ.